ಬೆಳೆಯುತ್ತಿರುವ ನಗರದ ಉದ್ದ ಚಿತ್ರ: ದಿಗಂತವೇ ಅಳತೆಗೋಲು

ಎತ್ತರದ ತಾರಸಿಯಲ್ಲಿ ನಿಂತು ಇಡೀ ನಗರವನ್ನು ಒಂದೇ ಹಾಳೆಗೆ ಇಳಿಸಲು ಹೊರಟವರು ಮೊದಲು ಎಡವುವುದು ಸ್ಕೇಲು ಹಿಡಿದು. ಸುಮಾರು 60 ಡಿಗ್ರಿ ನೋಟಕ್ಕೆ ಮಾಮೂಲಿ ಪರ್ಸ್‌ಪೆಕ್ಟಿವ್ (ದೂರದ್ದು ಕಿರಿದಾಗಿ ಕಾಣುವಂತೆ ಬರೆಯುವ ಕ್ರಮ) ಸಾಕು. ಅದನ್ನೇ ಇನ್ನೂ ಎಳೆದರೆ ಅಂಚಿನ ಕಟ್ಟಡಗಳು ರಬ್ಬರಿನಂತೆ ಅಗಲವಾಗುತ್ತವೆ. ಸುತ್ತಲೂ ಗಾಜಿನ ಗೋಡೆ ಇದೆ, ಅದರ ಮೇಲೆ ಬರೆಯುತ್ತಿದ್ದೇವೆ ಎಂದುಕೊಳ್ಳಬೇಕು. ಡಚ್ ಕಲಾವಿದ ಮೆಸ್ಡಾಖ್ ನೋಡುಗನ ಸುತ್ತಲೂ ಆವರಿಸುವ 1881ರ ಚಿತ್ರ, ಅಂದರೆ ಪನೋರಮಾಕ್ಕಾಗಿ ನಿಜವಾಗಿಯೂ ಗಾಜಿನ ಸಿಲಿಂಡರಿನೊಳಗೆ ನಿಂತೇ ಸ್ಕೆಚ್ ಮಾಡಿಕೊಂಡಿದ್ದರು.

180 ಡಿಗ್ರಿ ನೋಟಕ್ಕೆ 180 ಸೆಂ.ಮೀ. ಹಾಳೆ ಹಿಡಿದರೆ ಡಿಗ್ರಿಗೊಂದು ಸೆಂಟಿಮೀಟರು, ಲೆಕ್ಕ ಸಲೀಸು. ಕೈ ಪೂರ್ತಿ ಚಾಚಿದಾಗ ಮುಷ್ಟಿಯ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ದಿಗಂತ ನೇರ, ಕಂಬಗಳೂ ನೇರ. ಆದರೆ ದಿಗಂತಕ್ಕಿಂತ ಮೇಲೇಳುವ ಎದುರಿನ ಉದ್ದ ಕಟ್ಟಡದ ಮಾಡು ನಡುವೆ ಉಬ್ಬಿ ಎರಡೂ ತುದಿಯಲ್ಲಿ ಇಳಿಯುತ್ತದೆ. ಕೆಳಗಿನ ರಸ್ತೆ ನಡುವೆ ತಗ್ಗಿ ತುದಿಗಳಲ್ಲಿ ಏರುತ್ತದೆ. ಈ ಬಾಗನ್ನು ‘ಸರಿಪಡಿಸಲು’ ಹೋದರೆ ಚಿತ್ರ ಕೆಟ್ಟಿತು.

ಇನ್ನು ಎತ್ತರ. ದಿಗಂತ ಸದಾ ನಿಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ನೆಲ ಸಮತಟ್ಟಾಗಿದ್ದು ಕಣ್ಣು 30 ಮೀಟರ್ ಎತ್ತರದಲ್ಲಿದ್ದರೆ, ಹತ್ತಿರದ್ದೋ ದೂರದ್ದೋ, ಯಾವ ಕಟ್ಟಡವಾದರೂ ಸರಿ, ಬುಡದಿಂದ ದಿಗಂತದವರೆಗಿನ ಭಾಗ 30 ಮೀಟರೇ. 90 ಮೀಟರಿನ ಗೋಪುರ ಅದರ ಎರಡರಷ್ಟು ಮೇಲೇಳಬೇಕು. 500 ಮೀಟರ್ ದೂರದಲ್ಲಿದ್ದರೆ ನಮ್ಮ ಹಾಳೆಯಲ್ಲಿ ದಿಗಂತದ ಕೆಳಗೆ 3.4 ಸೆಂ.ಮೀ., ಮೇಲೆ 6.9. ಇನ್ನೂ ಏಳದ ಕಟ್ಟಡವನ್ನೂ ಹೀಗೆ ಕೂರಿಸಬಹುದು.

ಬೇರೆ ಬೇರೆ ವಾರ ತೆಗೆದ ಫೋಟೋ ಜೋಡಿಸಿದರೆ ಒಂದೇ ಕ್ರೇನು ಎರಡು ಕಡೆ ಕಾಣಿಸಿಕೊಳ್ಳುತ್ತದೆ, ಎಂಟು ಮಹಡಿಯ ಮಗ್ಗುಲಲ್ಲಿ ಅದೇ ಕಟ್ಟಡದ ಹನ್ನೊಂದನೆಯ ಮಹಡಿ ಇಣುಕುತ್ತದೆ. ಆದ್ದರಿಂದ ಮೊದಲ ದಿನವೇ ಇಡೀ ರೇಖಾಚಿತ್ರ ಮುಗಿಸಿ, ತಾರೀಖು ಬರೆದು, ಅದಕ್ಕೇ ಅಂಟಿಕೊಳ್ಳುವುದು ಲೇಸು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ನೆರಳುಗಳನ್ನು ಮೊದಲ ಇಪ್ಪತ್ತು ನಿಮಿಷದಲ್ಲೇ ಗುರುತು ಹಾಕಿಕೊಳ್ಳಿ. ಮುಂದಿನ ದಿನಗಳಲ್ಲೂ ಅದೇ ಹೊತ್ತಿಗೆ ಕೂರಿ.

ಬಣ್ಣ ದೂರದಿಂದ ಹತ್ತಿರಕ್ಕೆ ಬರಲಿ: ದೂರದ್ದು ತೆಳು, ನೀಲಿಛಾಯೆ. ಸಾರುವೆ, ಕ್ರೇನುಗಳನ್ನು ಅಂದಗೆಡಿಸುತ್ತವೆಂದು ಬಿಡುವವರಿದ್ದಾರೆ. ಬಿಟ್ಟರೆ ಅದು ಹಳೆಯ ಪೋಸ್ಟ್‌ಕಾರ್ಡ್ ಅಷ್ಟೆ. ಕ್ರೇನಿನ ತೋಳನ್ನು ಕೊನೆಗೆ, ಆಕಾಶ ಪೂರ್ತಿ ಒಣಗಿದ ಮೇಲೆ, ತೆಳು ಬ್ರಷ್ಷಿನಲ್ಲಿ ಒಂದೇ ಎಳೆತಕ್ಕೆ ಎಳೆಯಿರಿ. ಆಮೇಲೆ ಏಳುವ ಮಹಡಿಗಳಿಗೆ ಮೇಲೊಂದು ಟ್ರೇಸಿಂಗ್ ಹಾಳೆ ಸಾಕು. ದಿಗಂತದ ಎರಡು ತುದಿಗಳಲ್ಲಿ ಗುರುತಿದ್ದರೆ ಪ್ರತಿ ಸಲವೂ ಅದು ಸರಿಯಾಗಿ ಕೂರುತ್ತದೆ.