ಆಟ ಆಡಿದವರು ಕಂಪನಿ ನಡೆಸಬಲ್ಲರೆ?

ಮಕ್ಕಳನ್ನು ಓಟದ ತರಬೇತಿಗೆ ಬಿಡಲು ಬರುವ ಅಪ್ಪ-ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ: "ಸರ್, ಆಟದಲ್ಲಿ ಕಲಿತದ್ದು ಮುಂದೆ ಕೆಲಸಕ್ಕೆ ಬರುತ್ತೆ ಅಂತಾರಲ್ಲ, ನಿಜಾನಾ? ಇವತ್ತು ಓಡೋನು ನಾಳೆ ಕಂಪನಿ ನಡೆಸ್ತಾನಾ?" ಆಗೆಲ್ಲ ನಾನು ಹೇಳುವುದು ಟೋನಿ ಓ'ರೈಲಿಯ ಕತೆ. ಕೇಳಿದವರಿಗೆ ಪೂರ್ತಿ ಸಮಾಧಾನ ಆಗುವುದಿಲ್ಲ, ಗೊತ್ತು.

ಡಬ್ಲಿನ್ನಿನ ಹುಡುಗ, ಹುಟ್ಟಿದ್ದು 1936ರಲ್ಲಿ. ರಗ್ಬಿಯಲ್ಲಿ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಕಾದಿದ್ದು ಚೆಂಡು ಕೈಗೆ ಬಂದೊಡನೆ ಓಟ ಕೀಳುವವನು. ವೇಗದ ಜೊತೆಗೆ, ತಡೆಯಲು ಬಂದವರನ್ನು ಕೆಡವಿ ಹೋಗುವ ಮೈಕಟ್ಟೂ ಇತ್ತು. 18ಕ್ಕೇ ಐರ್ಲೆಂಡ್ ತಂಡ ಸೇರಿದ. 1955ರಲ್ಲಿ ಲಯನ್ಸ್ (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡಿನ ಆಯ್ದ ಆಟಗಾರರ ಜಂಟಿ ತಂಡ) ಜೊತೆ ದಕ್ಷಿಣ ಆಫ್ರಿಕಾಕ್ಕೆ, 1959ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋದ. ಎರಡೂ ಪ್ರವಾಸ ಸೇರಿ 38 ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿ ಅಂಕ ಗಳಿಸುವುದು). ಲಯನ್ಸ್‌ಗೆ ಅಷ್ಟು ಟ್ರೈ ಹೊಡೆದವರು ಇನ್ನೊಬ್ಬರಿಲ್ಲ.

ಕಾಸು ಮಾತ್ರ ಹುಟ್ಟುತ್ತಿರಲಿಲ್ಲ. ಈತ ಆಡುತ್ತಿದ್ದ ಬಗೆಯ ರಗ್ಬಿಯಾದ ರಗ್ಬಿ ಯೂನಿಯನ್‌ನಲ್ಲಿ 1995ರವರೆಗೆ ಆಟಗಾರರಿಗೆ ಸಂಬಳ ಕೊಡುವಂತಿರಲಿಲ್ಲ. ಡಾಕ್ಟರು, ಮೇಷ್ಟ್ರು, ಗಣಿ ಕೆಲಸಗಾರರು ವಾರವಿಡೀ ದುಡಿದು ಶನಿವಾರ ಆಡುತ್ತಿದ್ದರು. ಹಾಗಾಗಿ ಈತ ಆಟ ಮುಗಿಸಿ ಉದ್ಯಮಕ್ಕೆ ಇಳಿದ ಅನ್ನುವುದೇ ಸರಿಯಲ್ಲ. ಆಡುತ್ತಲೇ ಕಾನೂನು ಓದಿ ಸಾಲಿಸಿಟರ್ ಆದ, ಆಡುತ್ತಲೇ ಕೆಲಸ ಹಿಡಿದ.

ಆತನ ಅತಿ ಚೆಂದದ ಗೆಲುವು, ನನ್ನ ಪ್ರಕಾರ, ಬೆಣ್ಣೆಯದು. 1962ರಲ್ಲಿ, ಇನ್ನೂ 26ರ ಹರೆಯದಲ್ಲಿ, ಐರ್ಲೆಂಡಿನ ಡೇರಿ ಮಂಡಳಿಯ ಚುಕ್ಕಾಣಿ ಕೈಗೆ ಬಂತು. ಅಲ್ಲಿಯವರೆಗೆ ಐರಿಷ್ ಬೆಣ್ಣೆ ಸಗಟಾಗಿ ಬ್ರಿಟನ್ನಿಗೆ ಹೋಗಿ, ಅಲ್ಲಿ ಬೇರೆಯವರ ಹೆಸರು ಹೊತ್ತು ಅಂಗಡಿ ಸೇರುತ್ತಿತ್ತು. ಹಾಲು ಕರೆದವನಿಗೆ ಸಗಟು ದರ, ಚೀಟಿ ಅಂಟಿಸಿದವನಿಗೆ ಲಾಭ. ಓ'ರೈಲಿಯ ಕಾಲದಲ್ಲಿ ಅದಕ್ಕೆ 'ಕೆರ್ರಿಗೋಲ್ಡ್' ಎಂಬ ಸ್ವಂತ ಹೆಸರು ಬಂತು. ಅದೇ ವರ್ಷ ಬ್ರಿಟನ್ನಿನಲ್ಲಿ ಮಾರಾಟಕ್ಕೂ ಇಳಿಯಿತು. ಇಲ್ಲಿ ಆಟ ಮಾಡಿದ್ದೇನು? ಲಯನ್ಸ್‌ನ ಓ'ರೈಲಿ ಬಂದಿದ್ದಾನೆ ಅಂದರೆ ಯಾವ ವ್ಯಾಪಾರಿಯಾದರೂ ಕೂರಿಸಿ ಟೀ ಕೊಟ್ಟಾನು. ಟೀ ಕುಡಿದ ಮೇಲಿನ ದರ, ಪ್ಯಾಕಿಂಗ್, ಜಾಹೀರಾತಿನ ಲೆಕ್ಕವನ್ನು ಮೈದಾನ ಕಲಿಸುವುದಿಲ್ಲ.

1969ರಲ್ಲಿ ಟೊಮೆಟೊ ಕೆಚಪ್ಪಿಗೆ ಹೆಸರಾದ ಅಮೆರಿಕದ ಹೈಂಜ್ ಕಂಪನಿ ತನ್ನ ಬ್ರಿಟನ್ ವಿಭಾಗಕ್ಕೆ ಕರೆದುಕೊಂಡಿತು. ಮರುವರ್ಷವೇ ಒಂದು ತಮಾಷೆ. ಲಂಡನ್ನಿನ ಟ್ವಿಕೆನ್‌ಹ್ಯಾಮಿನಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಐರ್ಲೆಂಡ್ ತಂಡದಲ್ಲಿ ಒಬ್ಬನಿಗೆ ಪೆಟ್ಟಾಗಿ, ಏಳು ವರ್ಷದಿಂದ ತಂಡದ ಹೊರಗಿದ್ದ ಓ'ರೈಲಿಗೆ ದಿಢೀರ್ ಬುಲಾವ್. ಸಾಹೇಬರು ಡ್ರೈವರ್ ಓಡಿಸುವ ಕಾರಿನಲ್ಲಿ ಅಭ್ಯಾಸಕ್ಕೆ ಬಂದಿಳಿದರು! ಪಂದ್ಯದಲ್ಲಿ ಎದುರಾಳಿಗಳ ಕಾಲಡಿ ಬಿದ್ದು ಒದೆ ತಿನ್ನುವಾಗ, ಆ ಡ್ರೈವರಿಗೂ ಒಂದು ಒದೆಯಿರಿ ಅಂತ ಪ್ರೇಕ್ಷಕರಲ್ಲೊಬ್ಬ ಕೂಗಿದನಂತೆ. ಇದನ್ನು ಆತನೇ ಹೇಳಿಕೊಂಡು ನಗುತ್ತಿದ್ದ. ಐರ್ಲೆಂಡ್ ಸೋತಿತು. ಅದೇ ಆತನ ಕೊನೆಯ ಅಂತರರಾಷ್ಟ್ರೀಯ ಪಂದ್ಯ.

ಮುಂದೆ ಅಮೆರಿಕದ ಪಿಟ್ಸ್‌ಬರ್ಗ್. 1979ರಲ್ಲಿ ಇಡೀ ಹೈಂಜ್‌ನ ಸಿಇಒ, 1987ರಲ್ಲಿ ಅಧ್ಯಕ್ಷ. ಹೈಂಜ್ ಕುಟುಂಬದ ಹೊರಗಿನವರು ಅಧ್ಯಕ್ಷರ ಕುರ್ಚಿ ಹತ್ತಿದ್ದು ಅದೇ ಮೊದಲು. ನಮ್ಮ ಅಡುಗೆಮನೆಯ ಕಾಂಪ್ಲಾನ್, ಗ್ಲುಕಾನ್-ಡಿ ಡಬ್ಬಿಗಳು 1994ರಲ್ಲಿ ಗ್ಲಾಕ್ಸೊದಿಂದ ಹೈಂಜ್ ಕೈಗೆ ಬಂದದ್ದೂ ಈತನ ಕಾಲದಲ್ಲೇ.

ಸ್ಫೂರ್ತಿ ತುಂಬುವ ಭಾಷಣಕಾರರು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ವಾಟರ್‌ಫರ್ಡ್ ವೆಜ್‌ವುಡ್ ತನಕ ಹೇಳುತ್ತೇನೆ. ಓ'ರೈಲಿ ಹಣ ಹೂಡಿದ್ದ ಹೆಸರಾಂತ ಗಾಜು, ಪಿಂಗಾಣಿ ಕಂಪನಿ ಅದು. ನಷ್ಟದ ಮೇಲೆ ನಷ್ಟವಾದರೂ ಓ'ರೈಲಿ ಕೈಬಿಡಲಿಲ್ಲ, ಸ್ವಂತ ದುಡ್ಡು ಸುರಿಯುತ್ತಲೇ ಹೋದ. 2009ರ ಜನವರಿಯಲ್ಲಿ ಅದು ಮುಳುಗಿತು. ಐರ್ಲೆಂಡಿನ ಮಹಾ ಶ್ರೀಮಂತರಲ್ಲಿ ಒಬ್ಬ ಅನಿಸಿಕೊಂಡವನನ್ನು 2015ರಲ್ಲಿ ಬಹಾಮಾಸ್‌ನ ನ್ಯಾಯಾಲಯ ದಿವಾಳಿ ಎಂದು ಘೋಷಿಸಿತು. ಸೋಲುತ್ತಿದ್ದರೂ ಕೊನೆಯ ಸೀಟಿಯವರೆಗೆ ಓಡು ಅಂತ ಮಕ್ಕಳಿಗೆ ಹೇಳಿಕೊಡುವವನು ನಾನು. ಆ ಹಟವೂ ಮೈದಾನದ್ದೇ ಇರಬೇಕು ಅಂತ ನನ್ನ ಗುಮಾನಿ.