ಬಾಗಿಲ ಮೇಲಿನ ಸ್ಟಿಕ್ಕರ್‌ಗೂ ತೆರಿಗೆ ಉಂಟು

ಶಿವಮೊಗ್ಗದ ಅಡಿಕೆ ಮಂಡಿಯೊಂದು ನಿಮ್ಮ ರ‍್ಯಾಲಿ ಜಿಪ್ಸಿಯ ಬಾಗಿಲಿಗೆ ತನ್ನ ಹೆಸರು ಅಂಟಿಸಿ 60,000 ರೂಪಾಯಿ ಕೊಟ್ಟಿತು ಅನ್ನಿ. ಅದು ಸಹಾಯವಲ್ಲ, ಬಾಗಿಲಿನ ಬಾಡಿಗೆ. "ನಮ್ಮ ಹುಡುಗ, ಓಡಿಸ್ಲಿ" ಅಂತ ಪ್ರೀತಿಯಿಂದಲೇ ಕೊಟ್ಟಿರಬಹುದು. ಆದರೆ ಮಂಡಿಯ ಪುಸ್ತಕದಲ್ಲಿ ಅದು ಜಾಹೀರಾತು ಖರ್ಚು, ಹಾಗಾಗಿ ನಿಮ್ಮ ಪುಸ್ತಕದಲ್ಲಿ ಆದಾಯ. ಉಡುಗೊರೆಗೆ 50,000ದವರೆಗೆ ತೆರಿಗೆ ಇಲ್ಲವಲ್ಲ ಎಂದು ವಾದಿಸುವವರು ಇದ್ದೇ ಇರುತ್ತಾರೆ. ಸ್ಟಿಕ್ಕರ್ ಅಂಟಿದ ಮೇಲೆ ಉಡುಗೊರೆಯ ಮಾತು ಮುಗಿಯಿತು.

ಮೊದಲೇ ಒಂದು ಸೂಚನೆ: 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ. ಇಲ್ಲಿ ಕೊಟ್ಟಿರುವುದು 1961ರ ಕಾಯ್ದೆಯ ನಂಬರುಗಳು. 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ ಇವೇ.

ಮೊದಲು ತೀರ್ಮಾನವಾಗಬೇಕಾದ್ದು, ಓಡಿಸುವುದು ಶೋಕಿಗೋ ವ್ಯವಹಾರಕ್ಕೋ ಎಂಬುದು. ಸೆಕ್ಷನ್ 37ರಲ್ಲಿ ಖರ್ಚು ಕಳೆಯಬೇಕಾದರೆ ಅದು ಪೂರ್ತಿ ವ್ಯವಹಾರಕ್ಕೇ ಆಗಿರಬೇಕು, ಸ್ವಂತದ್ದು ಆಗಿರಬಾರದು. ಶೋಕಿ ಅಂದಿರೋ, ಸ್ಪಾನ್ಸರ್ ಹಣ "ಇತರ ಮೂಲ"ದ ಆದಾಯವಾಗುತ್ತದೆ. ಸ್ಟಿಕ್ಕರ್ ಪ್ರಿಂಟ್ ಮಾಡಿಸಿದಂಥ ನೇರ ಖರ್ಚು ಬಿಟ್ಟರೆ ಟೈರು, ಎಂಜಿನ್ ಯಾವುದನ್ನೂ ಕಳೆಯಲು ಬಿಡುವುದಿಲ್ಲ. ವ್ಯವಹಾರ ಎಂದು ತೋರಿಸುವುದಾದರೆ ಅದಕ್ಕೆ ತಕ್ಕ ನಡವಳಿಕೆಯೂ ಕಾಗದದಲ್ಲಿ ಕಾಣಬೇಕು: ರ‍್ಯಾಲಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ, ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡಾ ಒಕ್ಕೂಟ) ಲೈಸೆನ್ಸ್, ಬಾನೆಟ್‌ಗೆ ಇಷ್ಟು ಬಾಗಿಲಿಗೆ ಇಷ್ಟು ಎಂದು ಸ್ಪಾನ್ಸರ್‌ಗಳಿಗೆ ಕಳಿಸಿದ ದರಪಟ್ಟಿ, ಸಹಿಯಾದ ಒಪ್ಪಂದ. ಫೋನಿನಲ್ಲಿ ಮಾತಾಡಿ ಯುಪಿಐನಲ್ಲಿ ಹಣ ಹಾಕಿಸಿಕೊಂಡರೆ ಮೂರು ವರ್ಷದ ಮೇಲೆ ಅದು ಏನು ಎಂದು ಹೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಒಪ್ಪಂದದಲ್ಲಿ ಬರೆಯುವ ಮಾತು ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದು ಕಟ್ಟುವ ತೆರಿಗೆ) ದರವನ್ನೇ ಬದಲಿಸುತ್ತದೆ. ಗಾಡಿಯ ಮೇಲೆ ಜಾಗ ಕೊಟ್ಟಿದ್ದು ಅಷ್ಟೇ ಎಂದಿದ್ದರೆ ಅದು ಜಾಹೀರಾತು ಕೆಲಸ, ಸೆಕ್ಷನ್ 194ಸಿ. ವ್ಯಕ್ತಿಗೆ ಶೇ 1. ಅಂದರೆ ನಮ್ಮ 60,000ಕ್ಕೆ 600 ರೂಪಾಯಿ ಹಿಡಿಯುತ್ತಾರೆ. ಡ್ರೈವರ್ ಅಂಗಡಿ ಉದ್ಘಾಟನೆಗೆ ಬರಬೇಕು, ವಿಡಿಯೊದಲ್ಲಿ ಕಾಣಿಸಿಕೊಳ್ಳಬೇಕು ಎಂದೆಲ್ಲ ಸೇರಿಸಿದರೆ ಕ್ರೀಡಾಪಟುವಿನ ಸೇವೆ ಎಂದು 194ಜೆಗೆ ಹೋಗಿ ಶೇ 10, ಅಂದರೆ 6,000. ಕೊನೆಗೆ ಕಟ್ಟುವ ತೆರಿಗೆ ಎರಡರಲ್ಲೂ ಒಂದೇ. ಆದರೆ ಎಂಟ್ರಿ ಫೀ ಕಟ್ಟುವ ಹೊತ್ತಿಗೆ ಬೇಕಾದ ದುಡ್ಡು ರೀಫಂಡ್ ಬರುವವರೆಗೆ ಸಿಕ್ಕಿಬಿದ್ದಿರುತ್ತದೆ. ಎರಡೂ ಇದ್ದರೆ ಎರಡು ಮೊತ್ತ ಬೇರೆ ಬೇರೆ ಬರೆಸಿ.

ಜಾಸ್ತಿ ಜನ ಎಡವುವುದು ಹಣದಲ್ಲಲ್ಲ, ವಸ್ತುವಿನಲ್ಲಿ. ಟೈರಿನ ಡೀಲರ್ 32,000 ಬೆಲೆಯ ನಾಲ್ಕು ಟೈರು ಪುಕ್ಕಟೆ ಕೊಟ್ಟರು. ವರ್ಷಕ್ಕೆ 20,000 ದಾಟಿದ್ದರಿಂದ ಸೆಕ್ಷನ್ 194ಆರ್ ಪ್ರಕಾರ ಶೇ 10, ಅಂದರೆ 3,200 ಟಿಡಿಎಸ್. ಟೈರಿನಿಂದ ಒಂದು ಚೂರು ಕತ್ತರಿಸಿಕೊಳ್ಳಲು ಆಗುವುದಿಲ್ಲವಲ್ಲ! ಹಾಗಾಗಿ ಟೈರು ಕೊಡುವ ಮುಂಚೆಯೇ ನೀವು ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿದ ಚಲನ್ ಕೇಳುತ್ತಾರೆ, ಇಲ್ಲವೇ ತಾವೇ ಕೈಯಿಂದ ಕಟ್ಟುತ್ತಾರೆ. ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟದ ಸ್ವಂತ ಅಂಗಡಿಯವರಿಗೆ ಈ ಟಿಡಿಎಸ್ ಜವಾಬ್ದಾರಿ ಇಲ್ಲ. ನಿಮಗೆ ಆದಾಯ ಆಗುವುದು ಮಾತ್ರ ತಪ್ಪುವುದಿಲ್ಲ. ವ್ಯವಹಾರ ಎಂದು ತೋರಿಸಿದ್ದರೆ ಲೆಕ್ಕ ಬರೆಯುವುದು ಹೀಗೆ: 32,000 ಆದಾಯ, ಅದೇ 32,000 ಟೈರಿನ ಖರ್ಚು, ಉಳಿದದ್ದು ಸೊನ್ನೆ. ಸೊನ್ನೆಯೇ ತಾನೇ ಎಂದು ಎರಡನ್ನೂ ಬಿಟ್ಟರೆ, ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆ ತೋರಿಸುವ 26ಎಎಸ್‌ನಲ್ಲಿ 194ಆರ್ ಕಾಣುತ್ತದೆ, ರಿಟರ್ನ್ಸ್‌ನಲ್ಲಿ ಆದಾಯ ಕಾಣುವುದಿಲ್ಲ, ನೋಟಿಸ್ ಬರುತ್ತದೆ. ಒಂದು ಸೀಸನ್ ಬಳಸಿ ವಾಪಸ್ ಕೊಡುವ ಕರಾರಿನ ಮೇಲೆ ಕೊಟ್ಟ ಶಾಕ್ ಅಬ್ಸಾರ್ಬರ್‌ಗೆ ಈ ರಗಳೆ ಇಲ್ಲ. ವಾಪಸ್ ಕೊಟ್ಟಾಗ ಒಂದು ಸಾಲಿನ ರಸೀದಿ ತೆಗೆದುಕೊಳ್ಳಿ.

ಚಿಕ್ಕಮಗಳೂರಿನ ಲಾಡ್ಜ್ ಖರ್ಚನ್ನೋ ಎಂಟ್ರಿ ಫೀಯನ್ನೋ ಸ್ಪಾನ್ಸರ್ ಭರಿಸುತ್ತಾರೆ ಅಂದರೆ ಬಿಲ್ ಯಾರ ಹೆಸರಿಗಿದೆ ನೋಡಿ. ಸ್ಪಾನ್ಸರ್ ಹೆಸರಿಗಿದ್ದರೆ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಹೆಸರಿನ ಬಿಲ್ ಕೊಟ್ಟು ಹಣ ಪಡೆದರೆ ಅದೂ 194ಆರ್ ಬುಟ್ಟಿಗೇ.

ಖರ್ಚಿನ ಕಡೆ ಪೆಟ್ರೋಲ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ರೆಕ್ಕಿ (ಮೊದಲೇ ಹೋಗಿ ದಾರಿ ನೋಡಿ ಬರುವುದು), ಕೋ-ಡ್ರೈವರ್ ಸಂಭಾವನೆ ಎಲ್ಲ ಆ ವರ್ಷದ್ದೇ. ಗಾಡಿ, ರೋಲ್ ಕೇಜ್ (ಗಾಡಿ ಮಗುಚಿದರೆ ಒಳಗಿನವರನ್ನು ಕಾಯುವ ಚೌಕಟ್ಟು), ಸೀಟು ಬಂಡವಾಳ ಖರ್ಚು. ಅವುಗಳ ಮೇಲೆ ವರ್ಷಕ್ಕೆ ಶೇ 15 ಸವಕಳಿ (ಬೆಲೆಯಲ್ಲಿ ಸವೆದ ಭಾಗ) ಮಾತ್ರ ಕಳೆಯಬಹುದು. ಮಳೆ ನಿಂತ ಮೇಲೆ ನವೆಂಬರ್‌ನಲ್ಲಿ 80,000 ಕೊಟ್ಟು ಕೇಜ್ ಹಾಕಿಸಿದರೆ ಆ ವರ್ಷ 180 ದಿನದ ಬಳಕೆ ತುಂಬುವುದಿಲ್ಲ, ದರ ಅರ್ಧ: 12,000 ಅಲ್ಲ, 6,000. ಆಟೋ ಕಾಂಪ್ಲೆಕ್ಸ್ ಕಡೆಯ ವೆಲ್ಡರ್‌ಗೆ ಅದರಲ್ಲಿ 25,000 ಒಂದೇ ದಿನ ನಗದು ಕೊಟ್ಟಿರಿ ಎಂದಿಟ್ಟುಕೊಳ್ಳಿ. ಒಬ್ಬರಿಗೆ ಒಂದು ದಿನಕ್ಕೆ 10,000 ಮೀರಿದ ನಗದು ಆಸ್ತಿಯ ಬೆಲೆಗೇ ಸೇರುವುದಿಲ್ಲ. ಆ 25,000ಕ್ಕೆ ಈ ವರ್ಷವಷ್ಟೇ ಅಲ್ಲ, ಯಾವ ವರ್ಷವೂ ಸವಕಳಿ ಇಲ್ಲ.

ಕಾಫಿ ತೋಟದ ತಿರುವಿನಲ್ಲಿ ಗಾಡಿ ಜಾರಿ ಸಿಲ್ವರ್ ಓಕ್‌ಗೆ ಗುದ್ದಿದರೆ? ಸಾಮಾನ್ಯ ಮೋಟಾರು ಪಾಲಿಸಿ ರೇಸಿಂಗ್‌ಗೆ ಅನ್ವಯಿಸುವುದಿಲ್ಲ, ಹಾಗಾಗಿ ಪೂರಾ ಕೈಯಿಂದ. ರಿಪೇರಿ ಖರ್ಚು ಕಳೆಯಬಹುದು. ಗಾಡಿ ಗುಜರಿಗೇ ಹೋದರೆ ಅದರ ಉಳಿದ ಬೆಲೆಯನ್ನು ಒಮ್ಮೆಗೇ ನಷ್ಟ ಎಂದು ಬರೆಯಲು ಬರುವುದಿಲ್ಲ. ಗುಜರಿಯವರು ಕೊಟ್ಟ ಹಣವನ್ನು ಒಂದೇ ಸವಕಳಿ ದರದ ಆಸ್ತಿಗಳ ಗುಂಪಾದ ಬ್ಲಾಕ್‌ನಿಂದ ಕಳೆದು, ಬ್ಲಾಕ್‌ನಲ್ಲಿ ಬೇರೆ ಆಸ್ತಿ ಇದ್ದರೆ ಮಿಕ್ಕಿದ್ದರ ಮೇಲೆ ಸವಕಳಿ ಮುಂದುವರಿಯುತ್ತದೆ. ಒಂದು ಸ್ಟೇಜಿನಿಂದ (ಸ್ಪರ್ಧೆ ನಡೆಯುವ ರಸ್ತೆಭಾಗ) ಇನ್ನೊಂದಕ್ಕೆ ಹೋಗುವಾಗ ಸಾರ್ವಜನಿಕ ರಸ್ತೆಯಲ್ಲಿ ಬಿದ್ದ ವೇಗದ ದಂಡವಂತೂ ಯಾವ ಲೆಕ್ಕಕ್ಕೂ ಇಲ್ಲ.

ಮಲೆನಾಡಿಗೇ ಹೇಳಿ ಮಾಡಿಸಿದ ತಪ್ಪೊಂದಿದೆ. ತೋಟವಿರುವವರು ಬಂಕ್‌ನಲ್ಲಿ ತಿಂಗಳ ಖಾತೆ ಇಟ್ಟು, ತೋಟದ ಪಿಕಪ್ಪಿಗೂ ರ‍್ಯಾಲಿ ಗಾಡಿಗೂ ಒಂದೇ ಬಿಲ್ ಹಾಕಿಸುತ್ತಾರೆ. ಜಿಪ್ಸಿ ಪೆಟ್ರೋಲ್ ಗಾಡಿ. ಅದರ ಲೆಕ್ಕದಲ್ಲಿ ಡೀಸೆಲ್ ಬಿಲ್ ಕಂಡರೆ ನೋಡುವವರಿಗೆ ಉಳಿದ ಬಿಲ್‌ಗಳ ಮೇಲೂ ನಂಬಿಕೆ ಹೋಗುತ್ತದೆ. ಗಾಡಿ ನಂಬರ್ ಬರೆಸಿ ಎರಡು ಖಾತೆ ಮಾಡಿ. ಅಡಿಕೆಯ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ರ‍್ಯಾಲಿ ನಷ್ಟವನ್ನು ಅದರಲ್ಲಿ ಕಳೆಯುವ ಪ್ರಶ್ನೆಯೂ ಇಲ್ಲ. ಸಂಬಳದಲ್ಲೂ ಕಳೆಯಲಾಗದು. ಬಾಡಿಗೆ, ಬಡ್ಡಿಯಂಥ ಆದಾಯದಲ್ಲಿ ಅದೇ ವರ್ಷ ಹೊಂದಿಸಬಹುದು. ಉಳಿದ ವ್ಯವಹಾರ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ದು ವ್ಯವಹಾರದ ಲಾಭದಲ್ಲೇ ಕಳೆಯಬೇಕು. ಅದೂ ಗಡುವಿನೊಳಗೆ ವ್ಯವಹಾರದವರ ರಿಟರ್ನ್ಸ್ ಫಾರಂ ಐಟಿಆರ್-3 ಹಾಕಿದ್ದರೆ ಮಾತ್ರ. ಒಂದು ದಿನ ತಡವಾದರೂ ಆ ವರ್ಷದ ನಷ್ಟ ಹೋಯಿತು. ಲೆಕ್ಕವೇ ಬೇಡ ಎಂದು ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸೆಕ್ಷನ್ 44ಎಡಿ ಹಿಡಿದು ಬ್ಯಾಂಕಿನಲ್ಲಿ ಬಂದ ಹಣದ ಶೇ 6 ಲಾಭ ತೋರಿಸುವುದು ಸುಲಭ ನಿಜ. ಆದರೆ ಅಲ್ಲಿ ನಷ್ಟಕ್ಕೆ ಜಾಗವಿಲ್ಲ. ರ‍್ಯಾಲಿಯಲ್ಲಿ ಮೊದಲ ಎರಡು ಮೂರು ವರ್ಷ ನಷ್ಟವೇ ಆಗುವುದರಿಂದ ಪುಸ್ತಕ ಬರೆಯುವುದೇ ಮೇಲು.

ಜಿಎಸ್‌ಟಿ ಬಗ್ಗೆ ಇಷ್ಟು ಸಾಕು: ವ್ಯಕ್ತಿಯೊಬ್ಬ ಕಂಪನಿಗೋ ಪಾಲುದಾರಿಕೆ ಸಂಸ್ಥೆಗೋ ಸ್ಪಾನ್ಸರ್‌ಶಿಪ್ ಸೇವೆ ಕೊಟ್ಟರೆ ಶೇ 18 ತೆರಿಗೆಯನ್ನು ರಿವರ್ಸ್ ಚಾರ್ಜ್‌ನಲ್ಲಿ ಕಟ್ಟಬೇಕಾದವರು ಸ್ಪಾನ್ಸರೇ. ಅದು ಅವರ ಹೊರೆ ಎಂದು ಒಪ್ಪಂದದಲ್ಲಿ ಬರೆಯದಿದ್ದರೆ ನಿಮ್ಮ 60,000ದಲ್ಲೇ ಮುರಿದುಕೊಳ್ಳುತ್ತಾರೆ. ಒಬ್ಬರೇ ಮಾಲೀಕರಿರುವ ಅಂಗಡಿಗಾದರೆ ಮಾಮೂಲಿ ನಿಯಮ, ನಿಮ್ಮ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿ ಬೇಡ.

ಕೊನೆಗೆ ಬಿಲ್‌ಗಳ ಮಾತು. ಬಂಕ್‌ನ ಥರ್ಮಲ್ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಉಳಿದದ್ದಕ್ಕೆ ಜುಲೈ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಹಾಕಿಸಿದ ದಿನವೇ ಫೋಟೊ ತೆಗೆದು, ಫೈಲಿನ ಹೆಸರಿಗೆ ತಾರೀಕು, ರ‍್ಯಾಲಿ, ಮೊತ್ತ ಮೂರನ್ನೂ ಹಾಕಿ ಇಡಿ. ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಟ್ಟ ಬಿಲ್ ಒಂದು ವಾರವೂ ಬಾಳುವುದಿಲ್ಲ.