ಫೋನಾದರೂ ಸರಿ, ಇಮೇಲಾದರೂ ಸರಿ

ನಿನ್ನೆ ಮಂಡ್ಯದಿಂದ ಮಾವ ಫೋನ್ ಮಾಡಿದ್ದರು. ಕಬ್ಬಿನ ಗದ್ದೆಗೆ ಹನಿ ನೀರಾವರಿ ಹಾಕಿಸಲು ಆನ್‌ಲೈನ್ ಅರ್ಜಿ ತುಂಬುತ್ತಿದ್ದರಂತೆ. ಮೊಬೈಲ್ ನಂಬರ್ ಹಾಕಿದ್ದಾರೆ, ಇಮೇಲ್ ಇಲ್ಲ. ಫಾರಂ ಮುಂದಕ್ಕೇ ಹೋಗುತ್ತಿಲ್ಲ. "ಇಲ್ದೇ ಇರೋದ್ನ ಎಲ್ಲಿಂದ ತರ್ಲಪ್ಪಾ?" ಅಂದರು. ಆ ಮಾತು ರಾತ್ರಿಯೆಲ್ಲ ಕಿವಿಯಲ್ಲೇ ಇತ್ತು.

ಮೈಸೂರಲ್ಲಿ ಕೂತು ನಾನು ದಿನವೂ ಮಾಡುವುದು ಇಂಥ ಫಾರಂಗಳನ್ನೇ. ವೆಬ್ ಪುಟ ಕಟ್ಟುವ ಭಾಷೆ ಎಚ್‌ಟಿಎಂಎಲ್‌ನಲ್ಲಿ 'ರಿಕ್ವೈರ್ಡ್', ಅಂದರೆ ಕಡ್ಡಾಯ, ಅಂತ ಬರೆದರೆ ಅದು ಆ ಒಂದು ಖಾನೆಗೆ ಮಾತ್ರ. ಫೋನ್, ಇಮೇಲ್ ಎರಡರಲ್ಲಿ ಒಂದಿದ್ದರೆ ಸಾಕು ಅಂತ ಹೇಳಲು ಅದಕ್ಕೆ ಬರಲ್ಲ. ಅದನ್ನು ಪುಟಕ್ಕೆ ಕೆಲಸ ಹೇಳಿಕೊಡುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ನಾವೇ ಬರೆಯಬೇಕು. ಜಾಸ್ತಿ ಏನಿಲ್ಲ, ನಾಲ್ಕೈದು ಸಾಲು. ಸುಮ್ನೆ ಒತ್ತಿದ ಸ್ಪೇಸ್‌ಗಳನ್ನು ಮೊದಲು ತೆಗೆಯಬೇಕು. ಆಮೇಲೆ ಎರಡೂ ಖಾಲಿ ಇದ್ದರೆ ಮಾತ್ರ ತಡೆಯಬೇಕು. ಒಂದು ತುಂಬಿದ ಕೂಡಲೇ ತಪ್ಪಿನ ಸಂದೇಶವನ್ನು ಅಳಿಸಲೂಬೇಕು, ಇಲ್ಲದಿದ್ದರೆ ಸರಿಯಾಗಿ ತುಂಬಿದವರೂ ಅಲ್ಲೇ ನಿಲ್ಲುತ್ತಾರೆ. ಅರ್ಜಿ ಹೋಗಿ ಸೇರುವ ಕಂಪ್ಯೂಟರ್, ಅಂದರೆ ಸರ್ವರ್‌ನಲ್ಲೂ ಇದೇ ಪರೀಕ್ಷೆ ಬೇಕು. ಸಂದೇಶವೂ ಅಷ್ಟೇ, "ಫೋನ್ ಅಥವಾ ಇಮೇಲ್, ಯಾವುದಾದರೂ ಒಂದು ಕೊಡಿ" ಅಂದರೆ ಯಾರಿಗಾದರೂ ಅರ್ಥವಾಗುತ್ತೆ ಅಲ್ವಾ?

ಬೆಳಿಗ್ಗೆ ಬಂದವನೇ ನನ್ನ ಹಳೇ ಫಾರಂಗಳನ್ನೆಲ್ಲ ತೆರೆದು ನೋಡಿದೆ. ಎರಡರಲ್ಲಿ ಇಮೇಲ್ ಕಡ್ಡಾಯ ಇತ್ತು. ಕಾಫಿಗೂ ಏಳದೆ ಸರಿ ಮಾಡಿದೆ. ಭಾನುವಾರ ಊರಿಗೆ ಹೋಗಿ ಮಾವನ ಅರ್ಜಿ ತುಂಬಿಕೊಡಬೇಕು.